ಕಪ್ಪು ಎಡಕ್ಕೆ

ಹೋದ ವಾರ ನಮ್ಮ ಮನೆಯಲ್ಲಿ ಅವರೆಕಾಳಿನ ಸಿಪ್ಪೆಯ ಸಾರು ಆಗುವುದರಲ್ಲಿತ್ತು.

ಉತ್ಪ್ರೇಕ್ಷೆ ಅಲ್ಲ. ನೆನೆಹಾಕಿದ ಅವರೆಕಾಳು ಹಿತುಕುತ್ತ ಕೂತಿದ್ದೆ. ಎರಡು ಬೆರಳ ನಡುವೆ ಕಾಳು ಹಿಡಿದು ಒತ್ತಿದರೆ ಬೇಳೆ ಒಂದು ಕಡೆ ಚಿಮ್ಮಬೇಕು, ಸಿಪ್ಪೆ ಇನ್ನೊಂದು ಕಡೆ ಬೀಳಬೇಕು. ಕಣ್ಣು ಮುಚ್ಚಿಕೊಂಡು ಮಾಡುವ ಕೆಲಸ ಎಂದು ಎಲ್ಲರೂ ಹೇಳುತ್ತಾರೆ. ನಾನು ಕಣ್ಣು ಬಿಟ್ಟುಕೊಂಡೇ ಮಾಡುತ್ತಿದ್ದೆ. ಅರ್ಧ ಮುಗಿಯುವ ಹೊತ್ತಿಗೆ ನಮ್ಮ ಯಜಮಾನರು ಅಡುಗೆಮನೆ ಬಾಗಿಲಲ್ಲಿ ನಿಂತು, "ಏನೇ ಇದು, ಬೇಳೆ ಬೀದಿ ಹಸುಗೆ, ಸಿಪ್ಪೆ ನಂಗಾ?" ಅಂದರು. ನೋಡಿದರೆ ನಿಜ. ಬಿಳಿ ಬೋಗುಣಿಯ ತುಂಬ ಸಿಪ್ಪೆ. ಕೆಳಗೆ ಹಾಸಿದ ಹಳೇ ಪೇಪರಿನ ಮೇಲೆ ಮುತ್ತಿನಂಥ ಬೇಳೆ.

ಮೊದಲ ಹಿಡಿ ಸರಿಯಾಗಿಯೇ ಹಾಕಿದ್ದೆ. ಅದು ಖಂಡಿತ. ಆಮೇಲೆ ಯಾವ ಕಾಳಿನಲ್ಲಿ ಕೈ ಪಕ್ಷ ಬದಲಾಯಿಸಿತೋ ಗೊತ್ತಿಲ್ಲ. ಅವರು ನಕ್ಕರು, ನನಗೆ ನಗು ಬರಲಿಲ್ಲ. ಇದೇ ಬೋಗುಣಿ ಮುಂದಿಟ್ಟುಕೊಂಡು ಇದೇ ತಪ್ಪು ಇನ್ನೊಂದು ಸಲ ಮಾಡಿದ್ದೇನೆ. ಆವತ್ತು ಅದರಲ್ಲಿ ಇದ್ದದ್ದು ಅವರೆಕಾಳಲ್ಲ.

ಬೋಗುಣಿ ನಮ್ಮ ಅಕ್ಕನದು. ಎನಾಮಲ್ಲಿನದು, ನೀಲಿ ಅಂಚು, ತಳದಲ್ಲಿ ಒಂದು ಕಡೆ ಬಣ್ಣ ಎದ್ದಿದೆ. ಜಯಕ್ಕ ಗುಬ್ಬಿ ಹತ್ತಿರ ಗಂಡನ ಮನೆಯ ಜಮೀನಿನಲ್ಲಿ ಕೋಯಿ ಮೀನು ಸಾಕುತ್ತಾಳೆ. ದೊಡ್ಡ ಹೋಟೆಲುಗಳ ಮುಂದಿನ ಕೊಳದಲ್ಲಿ ನೀವು ನೋಡಿರುತ್ತೀರಿ, ಕೆಂಪು ಬಿಳಿ ಮಚ್ಚೆಯ, ಯಾವ ಆತುರವೂ ಇಲ್ಲದ ಮೀನು. ಸಾಕುತ್ತಾಳೆ ಎಂದರೆ ಅವಳಿಗೆ ಸಿಟ್ಟು. "ಸಾಕೋಕೇನು, ಜನ ನಾಯೀನೂ ಸಾಕ್ತಾರೆ. ನಾನು ತಳಿ ಮಾಡ್ತೀನಿ" ಅನ್ನುತ್ತಾಳೆ. ತಳಿ ಮಾಡುವುದೆಂದರೆ ಮುಖ್ಯವಾಗಿ ಆರಿಸುವುದು. ಒಂದು ತಾಯಿ ಲೆಕ್ಕವಿಲ್ಲದಷ್ಟು ಮೊಟ್ಟೆ ಇಡುತ್ತದೆ. ಮರಿಗಳಲ್ಲಿ ಬಹುಪಾಲು ತಾಯಿಯನ್ನು ಹೋಲುವುದಿಲ್ಲ. ಬಣ್ಣ ಇಲ್ಲದ್ದು, ಬಣ್ಣ ಜಾಗ ತಪ್ಪಿದ್ದು, ಮೂತಿ ಸೊಟ್ಟಗಿರುವುದು. ಬೇಕಾದ್ದನ್ನು ಉಳಿಸಿಕೊಂಡು ಬೇಡದ್ದನ್ನು ತೆಗೆಯಬೇಕು. ಬಿಳಿ ಬೋಗುಣಿ ಅದಕ್ಕೆ. ಬಿಳಿಯ ಮೇಲೆ ಯಾವ ಬಣ್ಣವೂ ಸುಳ್ಳು ಹೇಳಲಾರದು.

(ಈ ಕೊನೆಯ ವಾಕ್ಯ ಬರೆದ ಮೇಲೆ ಅನುಮಾನ ಬಂತು. ಹೇಳುತ್ತವೆ. ಇರಲಿ.)

ನಾನು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಟೀಚರ್ ಆಗಿದ್ದು ರಿಟೈರ್ ಆದವಳು. ತುಮಕೂರಿನ ಉಪ್ಪಾರಹಳ್ಳಿಯಲ್ಲಿ ಮನೆ. ಜಯಕ್ಕನಿಗೆ ನನ್ನ ಕಣ್ಣಿನ ಮೇಲೆ ನಂಬಿಕೆ, ನನ್ನ ಉಳಿದ ಯಾವುದರ ಮೇಲೂ ಇಲ್ಲ. ಹಾಗಾಗಿ ವರ್ಷಗಟ್ಟಲೆ, ಮರಿ ತಿಂಗಳು ತುಂಬಿದಾಗಲೆಲ್ಲ ಬಸ್ಸು ಹತ್ತಿ ಹೋಗಿ ಆರಿಸಿ ಕೊಟ್ಟಿದ್ದೇನೆ. ಎಡಗಡೆ ಹಸಿರು ಟಬ್ಬು, ಉಳಿಯುವ ಮರಿಗೆ. ಬಲಗಡೆ ನೀಲಿ ಟಬ್ಬು, ಬೇಡದ್ದಕ್ಕೆ. ಅವಳು ಮಾಡುತ್ತಿದ್ದದ್ದು ಬರೀ ಕೆಂಪು-ಬಿಳಿ ತಳಿ. ಅದರಲ್ಲಿ ಸಾಸಿವೆಯಷ್ಟು ಕಪ್ಪು ಚುಕ್ಕಿ ಕಂಡರೂ ಆ ಮರಿ ಬಲಕ್ಕೆ. ಕಪ್ಪು ಬಲಕ್ಕೆ, ಕಪ್ಪು ಬಲಕ್ಕೆ. ನನ್ನ ಕೈ ಇದನ್ನು ಎಷ್ಟು ಚೆನ್ನಾಗಿ ಕಲಿತಿತ್ತು ಎಂದರೆ ಮನೆಯಲ್ಲಿ ಅಕ್ಕಿ ಆರಿಸುವಾಗಲೂ ಕಲ್ಲು ಬಲಕ್ಕೇ ಹೋಗುತ್ತಿತ್ತು.

ಬೇಡದ ಮರಿ ಏನಾಗುತ್ತವೆ ಎಂದು ನೀವು ಕೇಳಬೇಕು. ಬೇರೆ ಹ್ಯಾಚರಿಗಳಲ್ಲಿ ದೊಡ್ಡ ಮೀನಿಗೆ ತಿನ್ನಲು ಹಾಕುತ್ತಾರೆ. ಅಕ್ಕನ ಮನೆಯಲ್ಲಿ ಅದು ನಡೆಯದು. ಹೊಲದಲ್ಲಿ ತೊಟ್ಟಿ ಕಟ್ಟಲು ಜಯಕ್ಕನ ಅತ್ತೆ ಒಪ್ಪಿದ್ದೇ ಒಂದು ಮಾತಿನ ಮೇಲೆ. "ಈ ಮಣ್ಣಲ್ಲಿ ಒಂದು ಜೀವ ತೆಗೀಬಾರ್ದು." ಮೀನು ತಿನ್ನುವ ಮನೆಯಲ್ಲ ಅದು. ಮರಿಗಳಿಗೆ ಹಾಕುವ ಕೋಳಿಮೊಟ್ಟೆ ಬೇಯಿಸಲು ಕೂಡ ಶೆಡ್ಡಿನ ಹಿಂದೆ ಮೂರು ಇಟ್ಟಿಗೆ, ಒಂದು ಮಸಿ ಹಿಡಿದ ತಂಬಿಗೆ. ಅದು ಅಡುಗೆಮನೆ ಹೊಸ್ತಿಲು ದಾಟುವ ಹಾಗಿಲ್ಲ. ಆದ್ದರಿಂದ ಬೇಡದ ಮರಿಗಳೆಲ್ಲ ಹಳೇ ತೆರೆದ ಬಾವಿಗೆ. ಬಾವಿಯಲ್ಲಿ ಈಗ ಬಣ್ಣ ತಪ್ಪಿದ, ಮೂತಿ ತಪ್ಪಿದ, ಮೊಳದುದ್ದದ ಮೀನುಗಳ ಒಂದು ದೊಡ್ಡ ಸಂಸಾರ ಇದೆ. ಮೆಟ್ಟಿಲ ಮೇಲೆ ಬಕೆಟ್ ಸದ್ದಾದರೆ ಸಾಕು, ಬಾಯಿ ತೆರೆದುಕೊಂಡು ಮೇಲೆ ಬರುತ್ತವೆ. ಅತ್ತೆ ತೀರಿಕೊಂಡು ಎಷ್ಟೋ ವರ್ಷ ಆಯಿತು. ಮಾತು ಉಳಿದಿದೆ.

ಇನ್ನು ಗೌರಿ. ಗೌರಿ ಒಂದು ಮೀನು. ನಮ್ಮ ಭಾವ ಎಲ್ಲಿಂದಲೋ ತಂದಿದ್ದು. ಬೆರಳುದ್ದದ ಮರಿಯಾಗಿದ್ದಾಗ ಪ್ಲಾಸ್ಟಿಕ್ ಕವರಿನಲ್ಲಿ, ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ತಂದರಂತೆ. ಕಪ್ಪು, ಕೆಂಪು, ಬಿಳಿ, ಮೂರೂ ಬಣ್ಣ. ಹಣೆಯ ಮೇಲೆ ಓರೆಯಾಗಿ ಒಂದು ಕಪ್ಪು ಗೆರೆ. ಒಂದು ಬೇಸಿಗೆಯಲ್ಲಿ ಕೊಳದ ಅಂಚಿಗೆ ಕೂತು ನಾನು ಗೌರಿಯ ಚಿತ್ರ ಬರೆದೆ. ಜಲವರ್ಣ. ಗೆರೆ ಬಲಗಣ್ಣಿನ ಹಿಂದೆ ಹೊರಟು, ಹಣೆ ದಾಟಿ, ಮೂತಿಯ ಎಡಕ್ಕೆ ಬಂದು ಮುಗಿಯುತ್ತದೆ, ಒಂದೇ ಬೀಸು. ಬೆನ್ನ ಹಿಂದೆ ನಿಂತಿದ್ದ ಭಾವ "ಆಹಾ" ಅಂದರು. ಅದಕ್ಕೆ ಫ್ರೇಮು ಹಾಕಿಸಿ ಹಾಲಿನಲ್ಲಿ ತೂಗುಹಾಕಿದರು. ಭಾವ ಹೋದರು. ಚಿತ್ರ ಅಲ್ಲೇ ಇದೆ.

ಭಾವ ಹೋದ ಮೇಲೆ ಜಯಕ್ಕನಿಗೆ ಒಂದು ಹಟ ಹುಟ್ಟಿತು. ಗೌರಿಯ ಹಾಗೆಯೇ ಗೆರೆ ಇರುವ ಒಂದು ಮರಿ ಬೇಕು. "ಹತ್ತು ಬೇಡ ಕಣೇ ವಿಮ್ಲಿ, ಒಂದು ಸಾಕು." ಮೂರು ಸಲ ಗೌರಿಯನ್ನು ಮೊಟ್ಟೆಗೆ ಬಿಟ್ಟಳು, ಮೂರು ಸಲವೂ ಮೊಟ್ಟೆಗೆ ಬೂಸಲು ಹಿಡಿಯಿತು. ನಾಲ್ಕನೆಯ ಸಲ, ಗೌರಿಗೆ ವಯಸ್ಸಾಗಿತ್ತು, ನೀರಿನ ಮೇಲೆ ತೇಲುವ ಅಂತರಗಂಗೆ ಗಿಡದ ಬೇರಿನ ತುಂಬ ಮೊಟ್ಟೆ ಅಂಟಿಸಿ ಮಾರನೆಯ ದಿನ ಸತ್ತುಹೋಯಿತು. ಮೊಟ್ಟೆ ಒಡೆದು ಮರಿ ಬಂದವು. ಅಂದರೆ ಇನ್ನು ಇರುವುದು ಈ ಮರಿಗಳಷ್ಟೇ. ಇದರಲ್ಲಿ ಇಲ್ಲದಿದ್ದರೆ ಇಲ್ಲ.

ಫೋನ್ ಮಾಡಿದಳು. "ನಾಳೆ ಬೆಳಿಗ್ಗೆ ಬಾರೇ. ನಾಳೆ ಒಂದೇ ದಿನ."

ಈ ತಳಿಯ ವಿಚಿತ್ರ ಇಲ್ಲಿದೆ. ಕೆಂಪು-ಬಿಳಿ ಮರಿಯನ್ನು ತಿಂಗಳು ಕಳೆದ ಮೇಲೆ ಆರಿಸಬಹುದು. ಮೂರು ಬಣ್ಣದ್ದನ್ನು ಹುಟ್ಟಿದ ಮೂರನೆಯ, ನಾಲ್ಕನೆಯ ದಿನವೇ ಆರಿಸಬೇಕು. ಮುಂದೆ ಕಪ್ಪು ಆಗುವುದು ಆಗ ಮಾತ್ರ ಮಸಿ ಬಣ್ಣಕ್ಕಿರುತ್ತದೆ, ಉಳಿದದ್ದು ಗಂಜಿ ಬಣ್ಣಕ್ಕೆ. ದಿನ ಕಳೆದರೆ ಎರಡೂ ಒಂದೇ ಥರ ಮಬ್ಬಾಗಿ ಗುರುತು ಸಿಗುವುದಿಲ್ಲ. ಉಳಿಸಬೇಕಾದ್ದು ಮಸಿ ಮರಿ. ಅಂದರೆ ಎಲ್ಲ ತಿರುಗುಮುರುಗು. ಕಪ್ಪು ಎಡಕ್ಕೆ.

ಜಯಕ್ಕ ತಾನೇ ಮಾಡಬಹುದಿತ್ತು. ಆದರೆ ಅವಳ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಆಪರೇಷನ್ನಿಗೆ ದಿನ ಗೊತ್ತಾಗಿತ್ತು, ಇನ್ನೂ ಮೂರು ವಾರವಿತ್ತು. ಮೀನಿಗೆ ಅದು ಗೊತ್ತಿರಲಿಲ್ಲ.

ಆ ಬೆಳಿಗ್ಗೆಯನ್ನು ಕ್ರಮವಾಗಿ ಹೇಳಲು ನನಗೆ ಬರುವುದಿಲ್ಲ. ಬರುತ್ತದೆ ಅನ್ನುವವರನ್ನು ನೀವೂ ನಂಬಬೇಡಿ. ಖಂಡಿತ ಇರುವುದಿಷ್ಟು. ಗುಬ್ಬಿ ಬಸ್‌ಸ್ಟ್ಯಾಂಡಿಗೆ ರೇಣಪ್ಪ ಬೈಕು ತಂದಿದ್ದ. ರೇಣಪ್ಪ ಜಯಕ್ಕನ ಮೈದುನ, ಹ್ಯಾಚರಿಯ ಮೈಗೆಲಸವೆಲ್ಲ ಅವನದು. ಶೆಡ್ಡಿನ ನೆರಳಲ್ಲಿ ಮಣೆ, ಬೋಗುಣಿ, ಚಹಾ ಚಮಚ, ಎರಡು ಟಬ್ಬು. ಜಯಕ್ಕ ಎದುರಿಗೆ ಕೂತು ಮೂರು ಸಲ ಹೇಳಿದಳು, "ಕಪ್ಪು ಎಡಕ್ಕೆ."

"ಗೊತ್ತಾಯ್ತು ಮಾರಾಯ್ತಿ."

"ನಿಂಗೆ ಗೊತ್ತಾಯ್ತು. ನಿನ್ನ ಕೈಗೆ?"

ಈ ಮಾತು ಅವಳು ನಿಜವಾಗಿ ಹೇಳಿದಳೋ, ಆಮೇಲೆ ನಾನೇ ಅವಳ ಬಾಯಿಗೆ ಇಟ್ಟೆನೋ. ಹೇಳಿದ್ದರೆ ಅವಳು ದೊಡ್ಡವಳು. ಹೇಳಿರದಿದ್ದರೆ ನಾನು ಇನ್ನೂ ಚಿತ್ರ ಬರೆಯುತ್ತಿದ್ದೇನೆ ಎಂದರ್ಥ.

ಮೂರು ದಿನದ ಮರಿ ಎಂದರೆ ಜೀರಿಗೆಗಿಂತ ತೆಳು. ಎರಡು ಕಣ್ಣು ಅಂಟಿಸಿಕೊಂಡ ದಾರದ ಚೂರು. ರೇಣಪ್ಪ ತೊಟ್ಟಿಯಿಂದ ಮೊಗೆದು ತಂದು ಬೋಗುಣಿಗೆ ಹಾಕುತ್ತಾನೆ. ನಾನು ಚಮಚದಲ್ಲಿ ನೀರಿನ ಸಮೇತ ಎತ್ತಿ ಎಡಕ್ಕೋ ಬಲಕ್ಕೋ ಬಿಡುತ್ತೇನೆ. ಬಲದ ಟಬ್ಬು ತುಂಬಿದರೆ ಅದನ್ನು ಅವನು ಬಕೆಟ್ಟಿಗೆ ಹಾಕಿ ಬಾವಿ ಕಡೆ ಒಯ್ಯುತ್ತಾನೆ. ಒಂದು ಗಂಟೆ ಸರಿಯಾಗಿಯೇ ಮಾಡಿದೆ. ಪ್ರತಿ ಚಮಚಕ್ಕೂ ಒಳಗೆ ಒಂದು ಎಳೆತ. ಕೈ ಬಲಕ್ಕೆ ಹೊರಡುವುದು, ನಾನು ಎಡಕ್ಕೆ ತಿರುಗಿಸುವುದು. ಕುತ್ತಿಗೆ ಬಿಗಿದು ಹಲಗೆಯಾಯಿತು.

ಆಮೇಲೆ ಮಾತಿನಲ್ಲಿ ಕುಣಿಗಲ್ ಬಂತು.

ನಾವು ಹುಟ್ಟಿ ಬೆಳೆದದ್ದು ಕುಣಿಗಲ್ಲಿನಲ್ಲಿ. ಕೆರೆ ಕೋಡಿಯ ಕೆಳಗಿನ ಕಾಲುವೆಯಲ್ಲಿ ನಾನು ಅಪ್ಪನ ಟವೆಲ್ ಹಿಡಿದು ಎರಡು ಮೀನು ಹಿಡಿದಿದ್ದೆ. ಗಾಜಿನ ಬಾಟಲಿಗೆ ಹಾಕಿ ಮನೆಗೆ ತಂದು ಅಮ್ಮನಿಗೆ ಗೊತ್ತಾಗದ ಹಾಗೆ ಸ್ನಾನದ ಹಂಡೆಯ ಹಿಂದೆ ಇಟ್ಟಿದ್ದೆ. ಬಿಸಿಲು ಬಾಟಲಿಯ ಮೂಲಕ ಗೋಡೆಗೆ ಬಿದ್ದು ಮೀನಿನ ನೆರಳು ದೊಡ್ಡದಾಗಿ ಓಡಾಡುತ್ತಿತ್ತು. ನಾನು ಬಣ್ಣ ಕುಂಚ ಹಿಡಿದದ್ದೇ ಆ ನೆರಳು ಕಂಡ ಮೇಲೆ ಎಂದು ಮೂವತ್ತು ವರ್ಷ ಮಕ್ಕಳಿಗೆ ಪಾಠದಲ್ಲಿ ಹೇಳಿದ್ದೇನೆ.

ಜಯಕ್ಕನ ಪ್ರಕಾರ ಮೀನು ಹಿಡಿದದ್ದು ಅವಳು. ನಾನು ದಡದಲ್ಲಿ ನಿಂತು ಜಿಗಣೆ ಅಂತ ಅಳುತ್ತಿದ್ದೆ. ಬಚ್ಚಲು ಮನೆಗೆ ಬಿಸಿಲು ಬರುತ್ತಲೇ ಇರಲಿಲ್ಲ, ಕಿಟಕಿ ಇದ್ದದ್ದು ಹುತ್ರಿದುರ್ಗದ ಬೆಟ್ಟದ ದಿಕ್ಕಿಗೆ.

"ಕಿಟಕಿಯಿಂದ ಬೆಟ್ಟ ಕಾಣ್ತಿತ್ತು ಅಂದ್ಮೇಲೆ ಬಿಸಿಲೂ ಬಂದಿರುತ್ತೆ" ಅಂದೆ.

"ಬೆಟ್ಟ ಎಲ್ಲಿ ಕಾಣ್ತಿತ್ತೇ? ಎದುರು ಮನೆ ಗೋಡೆ ಕಾಣ್ತಿತ್ತು. ಟವೆಲ್ ಯಾರದ್ದು, ಹೇಳು?"

"ಅಪ್ಪಂದು."

"ನನ್ನ ಲಂಗ ಕಣೇ ಅದು! ಲಂಗದಲ್ಲಿ ಹಿಡಿದು, ಅಮ್ಮನ ಹತ್ರ ಒದೆ ತಿಂದೋಳು ನಾನು. ನೀನು ಅಳ್ತಾ ನಿಂತಿದ್ದೆ, ಈಗ ಬಂದ್ಬಿಟ್ಲು."

ಆ ಹೊತ್ತಿಗೋ, ಅದಕ್ಕೆ ಮುಂಚೆಯೋ, ಹೆಲಿಕಾಪ್ಟರ್ ಕಾರ್ಖಾನೆಯಿರುವ ಬಿದರೆಹಳ್ಳ ಕಾವಲಿನ ದಿಕ್ಕಿನಿಂದ ಒಂದು ಹೆಲಿಕಾಪ್ಟರ್ ತಲೆಯ ಮೇಲೆ ಹಾದುಹೋಯಿತು. ಬೋಗುಣಿಯ ನೀರು ನಡುಗಿ ಮರಿಗಳೆಲ್ಲ ಒಂದೇ ಅಂಚಿಗೆ ಸರಿದವು. ಕಾಫಿ ಬಂತು, ಕುಡಿದೆವು. ಜಗಳ ಮುಂದುವರಿಯಿತು. ನಾನು ಜೋರಾಗಿ ಮಾತಾಡುತ್ತಿದ್ದೆ, ಚಮಚ ತನ್ನ ಪಾಡಿಗೆ ಓಡುತ್ತಿತ್ತು, ಕುತ್ತಿಗೆಯ ಬಿಗಿತ ಯಾವಾಗಲೋ ಹೋಗಿ ಮೈ ಹಗುರಾಗಿತ್ತು. ಆ ಹಗುರವನ್ನು ನಾನು ಗಮನಿಸಬೇಕಾಗಿತ್ತು.

"ಎಡಗಡೆ ತುಂಬ್ತಾ ಇದೆ ಅಲ್ವಾ?" ಜಯಕ್ಕ ಟಬ್ಬಿನ ಮೇಲೆ ಬಗ್ಗಿ, ಏನೂ ಕಾಣದ ಕಣ್ಣನ್ನು ಕಿರಿದು ಮಾಡಿ ಕೇಳಿದಳು. ಮುಖದಲ್ಲಿ ಸಂತೋಷ. "ಅವಳ ಹಾಗಿರೋದು ಒಂದಾದ್ರೂ ಇರುತ್ತೆ, ಅಲ್ವೇನೇ?"

ನಾನೂ ನೋಡಿದೆ. ಎಡದ ಟಬ್ಬಿನಲ್ಲಿ ಮೇಲೆಲ್ಲ ಗಂಜಿ ಬಣ್ಣ. ಬಲದ ಟಬ್ಬಿನ ತಳದಲ್ಲಿ ಮಸಿ ಹೊರಳಾಡುತ್ತಿತ್ತು.

ಇಲ್ಲಿ ಬರವಣಿಗೆಯವರು "ಎದೆ ಧಸಕ್ಕೆಂದಿತು" ಎಂದು ಬರೆಯುತ್ತಾರೆ. ನನ್ನದು ಏನೂ ಅನ್ನಲಿಲ್ಲ. ತಲೆ ಮಾತ್ರ ಬಹಳ ವೇಗವಾಗಿ, ಬಹಳ ಚೊಕ್ಕವಾಗಿ ಕೆಲಸ ಮಾಡಿತು. ಜಯಕ್ಕನಿಗೆ ಕಾಣುವುದಿಲ್ಲ. ರೇಣಪ್ಪ ಬಗ್ಗಿ ನೋಡುವವನಲ್ಲ. ಮೂರು ತಿಂಗಳ ಮೇಲೆ ಮರಿಗಳೆಲ್ಲ ಕಪ್ಪಿಲ್ಲದೆ ಬಂದರೆ ಗಂಡುಮೀನಿನ ದೋಷ ಅನ್ನಬಹುದು, ನೀರಿನ ದೋಷ ಅನ್ನಬಹುದು. ಮೀನಿನ ವಿಷಯದಲ್ಲಿ ಎಲ್ಲದಕ್ಕೂ ನೀರಿನ ದೋಷ ನಡೆಯುತ್ತದೆ. ಈ ಯೋಚನೆ ನನಗೆ ಬಂತು. ಎಷ್ಟು ಹೊತ್ತು ಇತ್ತು ಎಂದು ಕೇಳಬೇಡಿ. ಒಂದೆರಡು ಚಮಚ ಮರಿಯನ್ನು ಎತ್ತಿ ಹಾಕುವಷ್ಟು ಹೊತ್ತು ಇತ್ತು. ಅವನ್ನು ಯಾವ ಕಡೆ ಹಾಕಿದೆ ಎಂಬುದೂ ನೆನಪಿಲ್ಲ.

"ರೇಣಪ್ಪ, ಬಾವಿಗೆ ಎಷ್ಟು ಬಕೆಟ್ ಹೋಯ್ತು?" ಅಂದೆ.

"ಎರಡಾಯ್ತು ಕಣಕ್ಕ."

"ಯಾಕೆ?" ಜಯಕ್ಕ ತಲೆ ಎತ್ತಿದಳು. ಕಣ್ಣು ಕಾಣದವರಿಗೆ ಕಿವಿ ಚುರುಕು.

"ಅಕ್ಕಾ, ಕೈ ತಿರುಗಿಬಿಟ್ಟಿದೆ. ಕಪ್ಪು ಬಲಕ್ಕೆ ಹಾಕಿದೀನಿ."

ಅವಳು ಬೈಯುತ್ತಾಳೆ ಅಂದುಕೊಂಡೆ. ಬೈಯಲಿಲ್ಲ. "ಯಾವಾಗಿಂದ?" ಅಂದಳು, ಡಾಕ್ಟರು ಕೇಳುವ ಹಾಗೆ.

"ಗೊತ್ತಿಲ್ಲ."

"ಕುಣಿಗಲ್ ಮೀನಿಗೆ ಮುಂಚೆನೋ, ಆಮೇಲೋ?"

"ಆಮೇಲೆ. ಮುಂಚೆ ನಾನು ನೋಡಿ ನೋಡಿ ಹಾಕ್ತಿದ್ದೆ."

"ಮೊದಲನೇ ಬಕೆಟ್ ಹೋದಾಗ ನಾವು ಏನು ಮಾತಾಡ್ತಿದ್ವಿ?"

ಬಕೆಟ್ಟು ಕೈ ತಿರುಗುವ ಮುಂಚೆ ಹೋಗಿದ್ದರೆ ಅದರಲ್ಲಿ ಇದ್ದದ್ದು ಬಿಳಿ, ಪರವಾಗಿಲ್ಲ. ಆಮೇಲೆ ಹೋಗಿದ್ದರೆ ಕಪ್ಪು, ಗೌರಿಯ ಕಪ್ಪು. ಅದನ್ನು ತಿಳಿಯಲು ಇದ್ದ ಸಾಕ್ಷಿ ಒಂದೇ, ನಮ್ಮ ಜಗಳದ ಕ್ರಮ. ಐವತ್ತು ವರ್ಷದ ಹಿಂದಿನ ಟವೆಲ್ಲನ್ನು ಒಪ್ಪದ ಇಬ್ಬರು ಒಂದು ಗಂಟೆಯ ಹಿಂದಿನದನ್ನು ಒಪ್ಪಬೇಕಿತ್ತು.

"ಹೆಲಿಕಾಪ್ಟರ್ ಹೋದ ತಕ್ಷಣ ಒಂದನೇ ಬಕೆಟ್ ತಗೊಂಡೆ" ಅಂದ ರೇಣಪ್ಪ.

"ಹಂಗಾದ್ರೆ ಅದು ಬಿಳಿ" ಅಂದಳು ಜಯಕ್ಕ. "ಹೆಲಿಕಾಪ್ಟರ್ ನೋಡಿ ಇವಳು ನಮ್ಮ ಕುಣಿಗಲ್ ಆಕಾಶ ಎಷ್ಟು ಖಾಲಿ ಇತ್ತು ಅಂದ್ಲು. ಅಲ್ಲಿಂದಲೇ ಮೀನಿನ ಮಾತು ಬಂದಿದ್ದು."

"ಇಲ್ಲ ಕಣೇ, ನೀನು ಲಂಗ ಅಂದ್ಯಲ್ಲ, ಆಗ ಬಂತು ಹೆಲಿಕಾಪ್ಟರ್. ಸದ್ದಿಗೆ ನಂಗೆ ಲಂಗ ಅನ್ನೋದೇ ಕೇಳಿಸ್ಲಿಲ್ಲ, ನೀನು ಎರಡು ಸಲ ಹೇಳಿದೆ."

"ಹೆಲಿಕಾಪ್ಟರ್ ಎರಡು ಸಲ ಹೋಯ್ತು ಅಕ್ಕ" ಅಂದ ರೇಣಪ್ಪ.

ನಾವಿಬ್ಬರೂ ಅವನನ್ನು ನೋಡಿದೆವು.

"ಒಂದು ಕಾಫಿಗೆ ಮುಂಚೆ, ಇನ್ನೊಂದು ಕಾಫಿ ಆದ್ಮೇಲೆ. ಇಲ್ಲಿ ದಿನಾ ಹೋಗ್ತಾವೆ, ಎಣಿಸ್ಕೊಂಡು ಕೂತ್ಕೊಳೋಕಾಯ್ತದಾ?"

"ಬಾವಿಗೆ ನಡೀರಿ" ಅಂದಳು ಜಯಕ್ಕ.

ಅವಳು ನನ್ನ ತೋಳು ಹಿಡಿದು ಬದುವಿನ ಮೇಲೆ ಎಡವುತ್ತ ನಡೆದಳು. ತಿಂಗಳ ಮರಿಯಾದರೆ ಬಾವಿಯಲ್ಲಿ ಹೇಗೋ ಬದುಕಿಕೊಳ್ಳುತ್ತದೆ. ಜೀರಿಗೆಯಷ್ಟು ಇರುವುದನ್ನು ಆ ಬಾವಿಗೆ ಹಿಂದೆ ಎಂದೂ ಹಾಕಿರಲಿಲ್ಲ. ಇದು ಬೆಳಿಗ್ಗೆಯೇ ನಮಗೆ ಹೊಳೆಯಬೇಕಿತ್ತು. ಹೊಳೆದಿತ್ತು ಅಂತ ಕಾಣುತ್ತದೆ, ಯಾರೂ ಬಾಯಿ ಬಿಟ್ಟಿರಲಿಲ್ಲ. ರೇಣಪ್ಪ ಹಿಂದೆ ಹಿಂದೆ ಉಳಿಯುತ್ತಿದ್ದ. ಬಾವಿಯ ಕಟ್ಟೆಯ ಹತ್ತಿರ ಬಂದಾಗ ನಮ್ಮ ಕಾಲಿನ ಸದ್ದಿಗೇ ಕೆಳಗಿನ ಸಂಸಾರ ಮೇಲೆದ್ದಿತು. ಬಾಯಿಗಳು. ಬರೀ ಬಾಯಿಗಳು.

"ಸುರಿದ್ಯಾ?" ಅಂದಳು.

"ಮೊದಲನೇದು ಸುರಿದೆ ಅತ್ಗೆ."

"ತಿಂದ್ವಾ?"

ಅವನು ಕಟ್ಟೆಯ ಮೇಲಿನ ಮಣ್ಣನ್ನು ಕಾಲಲ್ಲಿ ಒರೆಸಿದ.

"ತಿಂದ್ವೇನಪ್ಪ?"

"ಬಾಯಿ ತೆಗೆದಿದ್ದು ಗೊತ್ತು. ಅಷ್ಟೇ ಗೊತ್ತು." ತಲೆ ಕೆರೆದುಕೊಂಡ. "ಅವ್ವ ಇದ್ದಿದ್ರೆ ನನ್ನೇ ಬಾವಿಗೆ ತಳ್ಳೋಳು."

ಜಯಕ್ಕ ಕಟ್ಟೆಯ ಮೇಲೆ ಕೂತಳು. ಇಷ್ಟು ವರ್ಷ ಒಂದು ಜೀವ ತೆಗೆದಿಲ್ಲ ಎಂದು ಬಂದವರಿಗೆಲ್ಲ ಹೇಳುತ್ತಿದ್ದ ಮನೆ. ಅವಳ ಮುಖ ನೋಡಲು ನನಗೆ ಧೈರ್ಯ ಬರಲಿಲ್ಲ, ಬಾವಿ ನೋಡಿದೆ. ನೀರು ಆಗಲೇ ಸಮವಾಗಿತ್ತು.

"ಎರಡನೇದೂ?" ಅಂದಳು ಕೊನೆಗೆ.

"ಎರಡನೇದು ಸುರಿಯೋಕೆ ಕೈ ಬರ್ಲಿಲ್ಲ. ದನಕ್ಕೆ ನೀರಿಡೋ ಕಲ್ಲುಬಾನಿಗೆ ಹಾಕಿದೀನಿ. ನಿಮಗೆ ಹೇಳಿದ್ರೆ ಕೆಲಸಗಳ್ಳ ಅಂತೀರ ಅಂತ..."

"ಎಮ್ಮೆ ಎಲ್ಲಿ ಕಟ್ಟಿದ್ಯಾ?" ಜಯಕ್ಕ ಎದ್ದಾಗಿತ್ತು.

ರೇಣಪ್ಪ ಬಾಯಿ ತೆರೆದ, ಬಾವಿಯ ಮೀನಿನ ಹಾಗೆಯೇ. ಆಮೇಲೆ ಓಡಿದ. ಆ ವಯಸ್ಸಿನಲ್ಲಿ, ಆ ಹೊಟ್ಟೆಯಲ್ಲಿ ಅವನು ಓಡಿದ್ದನ್ನು ನಾನು ಮರೆಯುವುದಿಲ್ಲ. ಹಿಂದೆ ನಾನು, ನನ್ನ ಹಿಂದೆ ಜಯಕ್ಕ, "ಹೋಯ್! ಹೋಯ್!" ಎಂದು ಯಾವುದೋ ದಿಕ್ಕಿಗೆ ಕೂಗುತ್ತ. ಎಮ್ಮೆ ಹಗ್ಗವನ್ನು ಕೊನೆಯವರೆಗೆ ಎಳೆದುಕೊಂಡು ನಿಂತಿತ್ತು. ಮೂತಿ ಬಾನಿಯ ಅಂಚಿನ ಮೇಲಿತ್ತು. ಮೂತಿ ಒದ್ದೆಯಾಗಿತ್ತೋ ಇಲ್ಲವೋ ಎಂಬ ಬಗ್ಗೆ ನಮ್ಮ ಮೂವರಲ್ಲಿ ಈವತ್ತಿನವರೆಗೂ ಮೂರು ಅಭಿಪ್ರಾಯ.

ಬಾನಿಯಲ್ಲಿ ಮರಿಗಳಿದ್ದವು. ಕಪ್ಪೂ ಇತ್ತು, ಬಿಳಿಯೂ ಇತ್ತು. ಕೈ ಎರಡನೆಯ ಬಕೆಟ್ಟಿನ ಮಧ್ಯದಲ್ಲಿ ತಿರುಗಿದೆ, ಮೊದಲನೆಯದು ಬರೀ ಬಿಳಿ ಎಂದು ನಾವು ಮೂವರೂ ತೀರ್ಮಾನ ಮಾಡಿಕೊಂಡೆವು. ಅದು ಮಾಡಿಕೊಂಡ ತೀರ್ಮಾನ, ಅಷ್ಟೇ.

ಬಾನಿ, ಎರಡು ಟಬ್ಬು, ಎಲ್ಲವನ್ನೂ ಮತ್ತೆ ಮೊದಲಿನಿಂದ ಆರಿಸಬೇಕಿತ್ತು. ಬಿಸಿಲು ಏರಿತ್ತು. ನಾನು ಮಣೆಯ ಮೇಲೆ ಕೂರಲಿಲ್ಲ. "ನನ್ನಿಂದ ಆಗಲ್ಲ, ಬೇರೆ ಯಾರನ್ನಾದ್ರೂ ಕರಿ" ಅಂದೆ.

"ಬೇರೆ ಯಾರು? ಈ ಎಮ್ಮೇನಾ? ಕೂತ್ಕೋ." ಅವಳು ಎದುರಿಗೆ ಕೂತು ನನ್ನ ಬಲ ಮಣಿಕಟ್ಟನ್ನು ತನ್ನ ಎರಡು ಬೆರಳಲ್ಲಿ ಹಿಡಿದಳು, ನಾಡಿ ನೋಡುವ ಹಾಗೆ. "ಪ್ರತಿಯೊಂದಕ್ಕೂ ಬಾಯಿ ಬಿಟ್ಟು ಹೇಳು. ಕಪ್ಪು ಅಂದ್ರೆ ನನ್ನ ಬಲಕ್ಕೆ ಹೋಗ್ಬೇಕು ನಿನ್ನ ಕೈ. ಆ ಕಡೆ ಹೋಗ್ಲಿಲ್ಲ ಅಂದ್ರೆ ನಂಗೆ ಗೊತ್ತಾಗುತ್ತೆ."

ಎದುರು ಕೂತವಳ ಬಲ ನನ್ನ ಎಡ. ಕಪ್ಪು, ಅಂದೆ. ಬೆರಳು ಸಡಿಲಾಗಿ ಜೊತೆಗೆ ಬಂತು. ಬಿಳಿ. ಬಿಳಿ. ಕಪ್ಪು. ಬಿಳಿ. ಸಂಜೆ ಬಿಸಿಲು ಶೆಡ್ಡಿನೊಳಗೆ ಓರೆಯಾಗುವ ತನಕ ನಾವು ಈ ಎರಡು ಮಾತು ಬಿಟ್ಟು ಬೇರೆ ಆಡಲಿಲ್ಲ. ಹೆಲಿಕಾಪ್ಟರ್ ಹೋಗಿದ್ದರೂ ಯಾರೂ ತಲೆ ಎತ್ತಲಿಲ್ಲ. ನಮ್ಮ ಜೀವ ಒಂದಾಗಿ ಇದ್ದ ಒಂದೇ ದಿನ ಅದು ಎಂದು ಬರೆಯಲು ಆಸೆಯಾಗುತ್ತದೆ. ನಿಜ ಹೇಳಬೇಕೆಂದರೆ ಕಾಲು ಜೋಮು ಹಿಡಿದಿತ್ತು, ಅವಳ ಬೆರಳಿನ ಬೆವರು ಕಿರಿಕಿರಿಯಾಗುತ್ತಿತ್ತು.

ಅವಳ ಕಣ್ಣಿನ ಆಪರೇಷನ್ ತುಮಕೂರಿನಲ್ಲೇ ಆಯಿತು. ವಾರವಿಡೀ ನಮ್ಮ ಮನೆಯಲ್ಲಿ ಕರೀ ಕನ್ನಡಕ ಹಾಕಿಕೊಂಡು ಕೂತಳು. ಅದನ್ನು ತೆಗೆದ ದಿನ ಸುತ್ತ ನೋಡಿ, "ವಿಮ್ಲೀ, ನಿನ್ನ ಮನೆ ಗೋಡೆ ಇಷ್ಟು ಗಲೀಜಾ!" ಅಂದಳು. ಆಮೇಲೆ ನನ್ನ ಮುಖ ನೋಡಿ ಸುಮ್ಮನಾದಳು. ಅದು ಗೋಡೆಯ ಮಾತಿಗಿಂತ ಹೆಚ್ಚು ನೋಯಿಸಿತು.

ಮೂರು ತಿಂಗಳಿಗೆ ಮರಿಗಳು ಬೆರಳುದ್ದ ಆದವು, ಬಣ್ಣ ಬಿಟ್ಟವು. ಈ ಸಲ ಆರಿಸಲು ಕರೆದಳು, ಕೂರಲು ಮಾತ್ರ. "ಕೈ ಮಡಿಲಲ್ಲಿ ಇಟ್ಕೋ" ಅಂದಳು. ಹಾಲಿನಿಂದ ಗೌರಿಯ ಚಿತ್ರ ತರಿಸಿ ತೊಟ್ಟಿಯ ಗೋಡೆಗೆ ಒರಗಿಸಿದ್ದಳು. ಒಂದೊಂದೇ ಮರಿಯನ್ನು ಬೋಗುಣಿಗೆ ಹಾಕಿ, ಹೊಸ ಕಣ್ಣಿನಿಂದ ಅದನ್ನು ನೋಡಿ, ಚಿತ್ರ ನೋಡಿ, "ಇಲ್ಲ" ಅನ್ನುವಳು. ಬಲಕ್ಕೆ. ಇನ್ನೊಂದು. ಇಲ್ಲ. ಬಲಕ್ಕೆ. ಬಲದ ಟಬ್ಬು ಈಗ ಬಾವಿಗೆ ಹೋಗುತ್ತಿರಲಿಲ್ಲ. ಬೇಡದವನ್ನು ಕೇಳಿದವರಿಗೆ ಸುಮ್ಮನೆ ಕೊಟ್ಟುಬಿಡುತ್ತಿದ್ದಳು. ಎಡದ ಟಬ್ಬು ಖಾಲಿ. ತೊಟ್ಟಿಯಲ್ಲಿ ಉಳಿದ ಮರಿ ಕಮ್ಮಿಯಾಗುತ್ತ ಬಂದವು. ಅವಳ ತುಟಿ ಬಿಗಿಯುತ್ತ ಬಂತು. ರೇಣಪ್ಪ ಪ್ರತಿ ಮರಿಗೂ "ಇದೇ ಅಲ್ವಾ ಅತ್ಗೆ?" ಎಂದು ಕೇಳುವುದನ್ನೂ ಬಿಟ್ಟಿದ್ದ.

ಆಗ ಒಂದು ಬಂತು. ಬೆನ್ನಿನ ಕೆಂಪು, ಭುಜದ ಕಪ್ಪು, ಎಲ್ಲ ಗೌರಿ. ಬಲಗಣ್ಣಿನ ಹಿಂದೆ ಗೆರೆ ಹೊರಟು ಹಣೆಯ ನಡುವೆ ಬಂದು ನಿಂತುಬಿಟ್ಟಿತ್ತು. ಅವಳು ಬಹಳ ಹೊತ್ತು ನೋಡಿದಳು. ಚಿತ್ರ ನೋಡಿದಳು.

"ಇಲ್ಲಿಗೇ ನಿಂತುಹೋಗಿದೆ" ಅಂದಳು. ಬೋಗುಣಿ ಬಲಕ್ಕೆ ಬಾಗಿತು.

"ಅಕ್ಕಾ, ನಿಲ್ಲು."

ಚಿತ್ರ ಬರೆದ ದಿನ ನನಗೆ ಅದುವರೆಗೆ ನೆನಪಾಗಿರಲಿಲ್ಲ, ಅಥವಾ ನೆನಪಾಗದ ಹಾಗೆ ನೋಡಿಕೊಂಡಿದ್ದೆ. ಗೌರಿ ನೆರಳಿನಲ್ಲಿ ನಿಂತಿದ್ದಳು. ಗೆರೆ ಹಣೆಯ ನಡುವೆ ನಿಂತಿತ್ತು. ಹಾಳೆಯ ಮೇಲೆ ಅದು ಅರ್ಧಕ್ಕೆ ಬಿಟ್ಟ ಹಾಗೆ ಕಾಣಿಸಿತು. ಕುಂಚದಲ್ಲಿ ಬಣ್ಣ ಇನ್ನೂ ಇತ್ತು, ಮೂತಿಯ ತನಕ ಎಳೆದುಬಿಟ್ಟೆ. ಚೆನ್ನಾಗಿ ಕಂಡಿತು. ಭಾವ "ಆಹಾ" ಅಂದದ್ದು ಅದಕ್ಕೇ. ಆ ಆಹಾವನ್ನು ನಾನು ಇಟ್ಟುಕೊಂಡೆ.

"ಆ ಮುಂದಿನ ಅರ್ಧ ಗೆರೆ ನಾನು ಎಳೆದಿದ್ದು ಕಣೇ. ಗೌರಿಗೆ ಇರ್ಲಿಲ್ಲ."

ಬೋಗುಣಿ ಬಾಗಿದಲ್ಲೇ ನಿಂತಿತು. ನೀರು ಅಂಚಿನಲ್ಲಿ ಅಲ್ಲಾಡಿತು.

"ನನ್ನ ಕಣ್ಣು ಮಂಜಾದ್ಮೇಲೆ ಅವಳು ನಂಗೆ ಕಾಣ್ತಾ ಇದ್ದಿದ್ದು ಈ ಚಿತ್ರದಲ್ಲೇ" ಅಂದಳು ಜಯಕ್ಕ ನಿಧಾನವಾಗಿ. "ದಿನಾ ಹತ್ರ ಹೋಗಿ ನೋಡ್ತಿದ್ದೆ. ಎಷ್ಟು ವರ್ಷದಿಂದ ಆ ಗೆರೆ ಹುಡುಕ್ತಾ ಇದೀನಿ ಗೊತ್ತೇನೇ ನಿಂಗೆ?"

ನಾನು ಮಡಿಲಲ್ಲಿದ್ದ ಕೈ ನೋಡಿದೆ.

ಅವಳು ಬೋಗುಣಿಯನ್ನು ಎಡಕ್ಕೆ ಬಾಗಿಸಿದಳು. ಮರಿ ಹಸಿರು ಟಬ್ಬಿಗೆ ಜಾರಿ ಒಂದು ಸುತ್ತು ಹೊಡೆದು ನಿಂತಿತು. "ರೇಣಪ್ಪ, ಬಲಗಡೆ ಟಬ್ಬು ಮುಟ್ಬೇಡ. ಎಲ್ಲಾ ವಾಪಸ್ ನೋಡ್ಬೇಕು. ಆ ಚಿತ್ರ ಒಳಗಿಡು." ಮತ್ತೆ ನೋಡಿದಾಗ ಇನ್ನೊಂದೂ ಸಿಗಲಿಲ್ಲ. ಒಂದೇ.

ಹೊರಡುವಾಗ ಬೋಗುಣಿ ತೊಳೆದು ನನ್ನ ಚೀಲಕ್ಕೆ ಹಾಕಿದಳು. "ಇದನ್ನ ತಗೊಂಡೋಗು. ಅವರೆಕಾಳಿಗೆ ಆಗುತ್ತೆ. ನಂಗೆ ಈಗ ನನ್ನ ಕಣ್ಣಿದೆ." ನನ್ನನ್ನು ಕೆಲಸದಿಂದ ತೆಗೆದದ್ದು ಹಾಗೆ.

ಸಿಪ್ಪೆ ಸಾರಿನ ಮಾರನೆಯ ದಿನ ಅವಳ ಫೋನು ಬಂತು. ಬೇಳೆ-ಸಿಪ್ಪೆಯ ಕತೆ ನಮ್ಮ ಯಜಮಾನರು ಹೇಳಿಬಿಟ್ಟಿದ್ದಾರೆ, ಅಣಕಿಸಲು ಮಾಡಿರಬೇಕು ಅಂದುಕೊಂಡೆ. ಅದಲ್ಲ.

"ಮರಿ ಗೆರೆ ಬೆಳೀತಾ ಇದೆ ಕಣೇ" ಅಂದಳು. ದನಿ ಸಣ್ಣಗಿತ್ತು. "ಹಣೆ ದಾಟಿದೆ. ಮೂತಿ ಹತ್ರ ಬಂದಿದೆ. ಈ ಜಾತೀಲಿ ಕಪ್ಪು ವಯಸ್ಸಾದಂಗೆ ಮುಂದಕ್ಕೆ ಹೋಗುತ್ತೆ, ಹಿಂದಕ್ಕೂ ಬರುತ್ತೆ."

ಬಣ್ಣ ತುಂಬಿದ್ದ ಕುಂಚ, ನೆರಳು, ಹಣೆಯ ನಡುವೆ ನಿಂತ ಗೆರೆ, ಆಹಾ. ಇಷ್ಟೂ ನಿಚ್ಚಳವಾಗಿ ಕಾಣುತ್ತಿತ್ತು. ಬಾಟಲಿಯ ಮೀನಿನ ನೆರಳು ಬಚ್ಚಲ ಗೋಡೆಯ ಮೇಲೆ ಕಾಣುವಷ್ಟೇ ನಿಚ್ಚಳವಾಗಿ.

"ಈಗ ಸರಿಯಾಗಿ ಹೇಳು. ನೀನು ಬರೆದ ದಿನ ಗೌರಿಗೆ ಪೂರಾ ಗೆರೆ ಇತ್ತೋ, ಇರ್ಲಿಲ್ವೋ?"

"ಗೊತ್ತಿಲ್ಲ ಅಕ್ಕ."

ಫೋನಿನಲ್ಲಿ ಅವಳ ಹಿಂದೆ ನೀರು ಬೀಳುವ ಸದ್ದು ಕೇಳುತ್ತಿತ್ತು.

"ಸರಿ" ಅಂದಳು. "ಭಾನುವಾರ ಬಾ, ನೋಡು. ಏನನ್ನೂ ಮುಟ್ಬೇಡ."